ಕೆಚ್ಚಲುಬಾವಿಗೆ ಕಾಲವು ಕಾರಣವೇ?

ಆರ್ದ್ರಾ ಮಳೆ ಹಿಡಿದು ನಾಲ್ಕು ದಿನ ಕಳೆಯಿತೆಂದರೆ ಹಸು ಸಾಕುವವರ ಮನೆಗಳಲ್ಲಿ "ಇನ್ನು ಕೆಚ್ಚಲುಬಾವಿನ ಕಾಲ ಬಂದಿತು" ಎಂಬ ಮಾತು ಹುಟ್ಟುತ್ತದೆ. ಈ ಮಾತು ಅನುಭವದಿಂದ ಬಂದುದು. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ನಡೆದ ಅನೇಕ ಪರಿಶೀಲನೆಗಳೂ ಮಳೆಗಾಲದಲ್ಲಿ ಈ ರೋಗ ಹೆಚ್ಚುವುದನ್ನು ತೋರಿಸಿವೆ. ಆದರೆ ಈ ಮಾತಿನ ಬೆನ್ನ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಕಾಲವೇ ಹಾಗಿರುವಾಗ ನಮ್ಮಿಂದ ಏನಾದೀತು?" ಈ ಎರಡನೆಯ ಮಾತನ್ನು ನಾವು ಒಪ್ಪಲಾರೆವು. ಮೊದಲನೆಯದು ವೀಕ್ಷಣೆ, ಎರಡನೆಯದು ತೀರ್ಮಾನ. ವೀಕ್ಷಣೆ ಸರಿಯಾಗಿದ್ದರೂ ಅದರಿಂದ ತೆಗೆದ ತೀರ್ಮಾನ ತಪ್ಪಾಗಬಹುದೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯೇನಲ್ಲ. ಋತು ಎಂಬುದು ಹಲವು ಕಾರಣಗಳನ್ನು ಒಟ್ಟಿಗೆ ಕಟ್ಟಿದ ಒಂದು ಕಂತೆಯ ಹೆಸರು. ಆ ಕಂತೆಯನ್ನು ಬಿಚ್ಚಿ ನೋಡಿದರೆ ನಮ್ಮ ಕೈಗೆ ಎಟುಕುವ ಒಂದೆರಡು ಕಡ್ಡಿಗಳು ಅದರಲ್ಲಿ ಸಿಕ್ಕೇ ಸಿಗುತ್ತವೆ. ಇದೇ ಈ ಲೇಖನದಲ್ಲಿ ನಮ್ಮ ವಾದ.

ಭೌತವಿಜ್ಞಾನವನ್ನು ಬೋಧಿಸುವವರಿಗೆ ದನದ ಕೊಟ್ಟಿಗೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ರೋಗವನ್ನು ನಿರ್ಣಯಿಸುವುದು, ಮದ್ದು ಕೊಡುವುದು ಪಶುವೈದ್ಯರ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಷ್ಣತೆ, ಆರ್ದ್ರತೆ, ನೀರು ಆವಿಯಾಗುವ ವೇಗ ಇವು ನಾವು ದಿನನಿತ್ಯ ಕಪ್ಪು ಹಲಗೆಯ ಮೇಲೆ ಬರೆಯುವ ವಿಷಯಗಳು. ರೋಗದ ಪಂಚಾಂಗವೂ ಬಹುಮಟ್ಟಿಗೆ ಇವೇ ಅಕ್ಷರಗಳಲ್ಲಿ ಬರೆದುದಾಗಿದೆ. ಆದುದರಿಂದ ಅದನ್ನು ಓದಲು ಯತ್ನಿಸುವ ಹಕ್ಕು ನಮಗೂ ಉಂಟು.

ರೋಗದ ಸ್ವರೂಪ

ಹಸುವಿನ ಕೆಚ್ಚಲು ಹೊರನೋಟಕ್ಕೆ ಒಂದೇ ಚೀಲದಂತೆ ಕಂಡರೂ ವಾಸ್ತವವಾಗಿ ಅದು ನಾಲ್ಕು ಪ್ರತ್ಯೇಕ ಭಾಗಗಳಿಂದ ಕೂಡಿದೆ. ಒಂದು ಭಾಗದ ಹಾಲು ಪಕ್ಕದ ಭಾಗಕ್ಕೆ ಹರಿಯುವುದಿಲ್ಲ. ಪ್ರತಿಯೊಂದು ಭಾಗಕ್ಕೂ ಒಂದು ಮೊಲೆತೊಟ್ಟು. ತೊಟ್ಟಿನ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರು ಉದ್ದದ ಕಿರಿದಾದ ನಾಳ. ಹೊರಜಗತ್ತಿಗೂ ಹಾಲಿನ ಕೋಶಗಳಿಗೂ ನಡುವೆ ಇರುವ ಬಾಗಿಲು ಇದೊಂದೇ. ಅದರ ಸುತ್ತಲಿನ ಉಂಗುರದಂತಹ ಸ್ನಾಯು ಬಾಗಿಲನ್ನು ಬಿಗಿಯಾಗಿ ಮುಚ್ಚಿರುತ್ತದೆ. ಉಗುರು ಮತ್ತು ಕೂದಲುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವಿನ ಪದರವೊಂದು ನಾಳದ ಒಳಗೋಡೆಗೆ ಅಂಟಿಕೊಂಡು, ಒಳನುಗ್ಗುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ.

ಹಾಲು ಕರೆಯುವಾಗ ಈ ಬಾಗಿಲು ತೆರೆಯಲೇಬೇಕು. ಕರೆದು ಮುಗಿದ ಕೂಡಲೇ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಸ್ನಾಯು ಮತ್ತೆ ಬಿಗಿಯಾಗಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಹಿಡಿಯುತ್ತದೆ. ಈ ಅವಧಿಯಲ್ಲಿ ಬ್ಯಾಕ್ಟೀರಿಯಗಳು ನಾಳದೊಳಕ್ಕೆ ಸೇರಿ ವೃದ್ಧಿಯಾದರೆ ಕೆಚ್ಚಲು ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ. ಹಾಲು ಒಡೆದು ಗರಣೆ ಕಟ್ಟುತ್ತದೆ. ಕೆಲವೊಮ್ಮೆ ಹೊರಗೆ ಯಾವ ಚಿಹ್ನೆಯೂ ಕಾಣದೆ, ಹಾಲಿನ ಪ್ರಮಾಣ ಮಾತ್ರ ಮೆಲ್ಲಮೆಲ್ಲನೆ ಇಳಿಯುವುದುಂಟು. ಇದು ಸುಪ್ತ ಕೆಚ್ಚಲುಬಾವು. ಇದು ಕಣ್ಣಿಗೆ ಕಾಣುವ ರೋಗಕ್ಕಿಂತ ಹೆಚ್ಚು ವ್ಯಾಪಕವಾದುದು.

ರೋಗವನ್ನು ತರುವ ಜೀವಿಗಳು ಅನೇಕ. ಫ್ರಾನ್ಸಿನ ನೋಕಾರ್ ಮತ್ತು ಮೊಲರೋ ಎಂಬವರು 1887ರಲ್ಲಿ ಸಾಂಕ್ರಾಮಿಕವಾದ ಕೆಚ್ಚಲುಬಾವಿಗೆ ಸರಪಣಿಯಂತೆ ಜೋಡಿಸಿಕೊಂಡಿರುವ ಒಂದು ಬ್ಯಾಕ್ಟೀರಿಯ ಕಾರಣವೆಂದು ವಿವರಿಸಿದರು. ಅದನ್ನು ಈಗ ಸ್ಟ್ರೆಪ್ಟೊಕಾಕಸ್ ಅಗಲಾಕ್ಷಿಯೆ ಎಂದು ಕರೆಯುತ್ತಾರೆ. ನಮ್ಮ ವಿಷಯಕ್ಕೆ ಬೇಕಾದಷ್ಟು ಮಟ್ಟಿಗೆ ಈ ಜೀವಿಗಳನ್ನು ಎರಡು ಗುಂಪು ಮಾಡಬಹುದು. ಒಂದು ಗುಂಪು ಹಸುವಿನಿಂದ ಹಸುವಿಗೆ ಕರೆಯುವವರ ಕೈ, ಬಟ್ಟೆ, ಯಂತ್ರಗಳ ಮೂಲಕ ದಾಟುವಂಥದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಮೇಲೆ ಹೇಳಿದ ಅಗಲಾಕ್ಷಿಯೆ ಈ ಗುಂಪಿಗೆ ಸೇರಿದವು. ಇನ್ನೊಂದು ಗುಂಪು ಸಗಣಿ, ಕೆಸರು, ಒದ್ದೆ ಹುಲ್ಲುಹಾಸುಗಳಲ್ಲಿ ಬೆಳೆದು ಅಲ್ಲಿಂದ ತೊಟ್ಟಿಗೆ ಏರುವಂಥದು. ಎಷರೀಕಿಯ ಕೋಲೈ, ಸ್ಟ್ರೆಪ್ಟೊಕಾಕಸ್ ಯೂಬೆರಿಸ್ ಈ ಗುಂಪಿನವು. ಮೊದಲನೆಯ ಗುಂಪಿಗೆ ಋತುವಿನ ಹಂಗು ಕಡಿಮೆ. ಎರಡನೆಯದು ಋತುವಿನೊಡನೆ ಏರುತ್ತದೆ, ಇಳಿಯುತ್ತದೆ.

ಒಂದೇ ರೋಗ, ಹಲವು ಋತುಗಳು

ಮಳೆಯೇ ಈ ರೋಗಕ್ಕೆ ಮೂಲಕಾರಣವಾಗಿದ್ದರೆ ಭೂಮಿಯ ಮೇಲೆ ಎಲ್ಲೆಡೆಯೂ ಅದು ಮಳೆಯನ್ನೇ ಹಿಂಬಾಲಿಸಬೇಕಾಗಿತ್ತು. ಹಾಗೆ ನಡೆಯುತ್ತದೆಯೇ ಎಂಬುದನ್ನು ಈಗ ನೋಡೋಣ.

ಬ್ರಿಟನ್ನಿನಲ್ಲಿ ಹಸುಗಳು ಬೇಸಗೆಯಲ್ಲಿ ಹುಲ್ಲುಗಾವಲಿನಲ್ಲಿದ್ದು ಚಳಿಗಾಲದಲ್ಲಿ ಕೊಟ್ಟಿಗೆಯನ್ನು ಸೇರುತ್ತವೆ. ಕೋಲೈ ಜೀವಿಯಿಂದಾಗುವ ಕೆಚ್ಚಲುಬಾವು ಅಲ್ಲಿ ಹೆಚ್ಚಾಗಿ ಈ ಕೊಟ್ಟಿಗೆವಾಸದ ತಿಂಗಳುಗಳ ರೋಗ. ಅದೇ ದೇಶದಲ್ಲಿಯೂ ಉತ್ತರ ಯೂರೋಪಿನ ಇತರ ಭಾಗಗಳಲ್ಲಿಯೂ 'ಬೇಸಗೆಯ ಕೆಚ್ಚಲುಬಾವು' ಎಂಬ ಬೇರೊಂದು ಬಗೆ ಇದೆ. ಜುಲೈಯಿಂದ ಸೆಪ್ಟೆಂಬರಿನವರೆಗೆ ಕಾಣಿಸಿಕೊಳ್ಳುವ ಇದು ಹಾಲು ಬತ್ತಿಸಿದ ಹಸುಗಳನ್ನೂ ಇನ್ನೂ ಕರು ಹಾಕದ ಕಡಸುಗಳನ್ನೂ ಹಿಡಿಯುತ್ತದೆ. ಟ್ರುಪೆರೆಲ್ಲ ಪಯೋಜೀನ್ಸ್ ಎಂಬ ಬ್ಯಾಕ್ಟೀರಿಯ ಇದರಲ್ಲಿ ಪ್ರಧಾನವಾದುದು. ತೊಟ್ಟುಗಳ ಮೇಲೆ ಮುತ್ತುವ ಒಂದು ಜಾತಿಯ ನೊಣಕ್ಕೂ ಈ ರೋಗಕ್ಕೂ ಹತ್ತಿರದ ಸಂಬಂಧವಿದೆ. ನೊಣದ ಕಾಲವೇ ರೋಗದ ಕಾಲವಾಗಿದೆ.

ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ಒಹಾಯೊ ಸಂಸ್ಥಾನಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಅಲ್ಲಿ 1980ರ ದಶಕದಲ್ಲಿ ಸಂಶೋಧಕರು ಕೊಟ್ಟಿಗೆಯ ಹಾಸಿನಲ್ಲಿರುವ ಬ್ಯಾಕ್ಟೀರಿಯಗಳನ್ನು ಎಣಿಸಿದರು. ಕೋಲೈ ಬಳಗದ ಜೀವಿಗಳು ಬೇಸಗೆಯಲ್ಲಿ ಅತ್ಯಂತ ಹೆಚ್ಚಾಗಿದ್ದುವು. ಅವುಗಳಿಂದ ಹೊಸದಾಗಿ ಸೋಂಕು ತಗಲುವುದೂ ಬೇಸಗೆಯಲ್ಲೇ ಹೆಚ್ಚಾಗಿತ್ತು. ಇನ್ನು ದಕ್ಷಿಣ ಗೋಳಾರ್ಧದ ನ್ಯೂಜಿಲೆಂಡಿನಲ್ಲಿ ಹಸುಗಳು ವರ್ಷವಿಡೀ ಬಯಲಿನಲ್ಲಿಯೇ ಇರುತ್ತವೆ. ಹುಲ್ಲು ಚಿಗುರುವ ಕಾಲಕ್ಕೆ ಹೊಂದುವಂತೆ ಅವುಗಳಲ್ಲಿ ಬಹುಪಾಲು ಚಳಿಗಾಲದ ಕೊನೆಗೂ ವಸಂತದ ಮೊದಲಿಗೂ ಒಟ್ಟಾಗಿ ಕರು ಹಾಕುವಂತೆ ಸಾಕುತ್ತಾರೆ. ಕರು ಹಾಕುವ ಮುನ್ನ ಹಾಗೂ ಹಾಕಿದ ಮೇಲಿನ ಕೆಲವು ದಿನಗಳಲ್ಲಿ ಹಸುವಿನ ರೋಗನಿರೋಧ ಶಕ್ತಿ ಕುಗ್ಗಿರುತ್ತದೆ. ಆದುದರಿಂದ ಅಲ್ಲಿ ಕರುಗಳ ಋತುವೇ ಯೂಬೆರಿಸ್ ಜೀವಿಯಿಂದಾಗುವ ಕೆಚ್ಚಲುಬಾವಿನ ಋತು.

ಒಂದು ಕಡೆ ಚಳಿಗಾಲ, ಇನ್ನೊಂದು ಕಡೆ ಬೇಸಗೆ, ಮತ್ತೊಂದು ಕಡೆ ವಸಂತ, ನಮ್ಮಲ್ಲಿ ಮಳೆಗಾಲ! ಹೆಸರುಗಳು ಬೇರೆಬೇರೆ, ಆದರೆ ಎಲ್ಲೆಡೆಯೂ ಹಿನ್ನೆಲೆಯಲ್ಲಿ ಇರುವವು ಒದ್ದೆ ಹಾಸು, ನೊಣ, ಹೊಸ ಬಾಣಂತನ, ಬಳಲಿದ ಹಸು ಇವೇ ಆಗಿವೆ. ಯಾವ ದೇಶದಲ್ಲಿ ಯಾವ ತಿಂಗಳು ಇವುಗಳನ್ನು ಒಟ್ಟುಗೂಡಿಸುತ್ತದೆಯೋ ಆ ತಿಂಗಳಿಗೆ ಅಪವಾದ ಬರುತ್ತದೆ.

ಮಾನವನ ರೋಗಗಳ ಚರಿತ್ರೆಯಲ್ಲಿಯೂ ಇದಕ್ಕೆ ಸಾದೃಶ್ಯವುಂಟು. ಮಲೇರಿಯ ಎಂಬ ಇಟಾಲಿಯನ್ ಪದಕ್ಕೆ 'ಕೆಟ್ಟ ಗಾಳಿ' ಎಂದು ಅರ್ಥ. ಜೌಗು ನೆಲದ ಗಾಳಿಯಿಂದ ಜ್ವರ ಬರುತ್ತದೆಂದು ಜನ ಶತಮಾನಗಳ ಕಾಲ ನಂಬಿದ್ದರು. ಅವರ ವೀಕ್ಷಣೆ ಸುಳ್ಳಾಗಿರಲಿಲ್ಲ. ಜೌಗು ಇದ್ದಲ್ಲಿ ಜ್ವರವೂ ಇತ್ತು. ಆದರೆ 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡ ಮೇಲೆ ಕೆಟ್ಟ ಗಾಳಿಯ ಸ್ಥಾನದಲ್ಲಿ ಸೊಳ್ಳೆ ಬಂದು ನಿಂತಿತು. ಗಾಳಿಯನ್ನು ಬದಲಾಯಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ನಿಂತ ನೀರನ್ನು ಚೆಲ್ಲುವುದು ಎಲ್ಲರಿಂದಲೂ ಸಾಧ್ಯವಾಯಿತು. ಋತುವನ್ನು ಬಿಡಿಸಿ ನೋಡುವುದರಿಂದ ಆಗುವ ಲಾಭ ಇಂಥದು.

ನೆಲ ಒಣಗುವ ಲೆಕ್ಕ

ನಮ್ಮ ಮಳೆಗಾಲದ ಕಂತೆಯಲ್ಲಿರುವ ಮೊದಲ ಕಡ್ಡಿಯನ್ನು ಈಗ ಎಳೆಯೋಣ. ಅದು ತೇವ.

25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಸುಮಾರು 23 ಗ್ರಾಮಿನಷ್ಟು ನೀರಾವಿಯನ್ನು ಹಿಡಿದಿಡಬಲ್ಲುದು. ಆರ್ದ್ರತೆ ಶೇಕಡ 50 ಇದ್ದರೆ ಅದರಲ್ಲಿ ಇನ್ನೂ ಹನ್ನೊಂದೂವರೆ ಗ್ರಾಮಿಗೆ ಸ್ಥಳವುಂಟು. ಆರ್ದ್ರತೆ ಶೇಕಡ 90ಕ್ಕೆ ಏರಿದರೆ ಉಳಿಯುವ ಸ್ಥಳ 2.3 ಗ್ರಾಮು ಮಾತ್ರ. ನೆಲದ ನೀರು ಆವಿಯಾಗುವ ವೇಗ ಸ್ಥೂಲವಾಗಿ ಈ ಖಾಲಿ ಸ್ಥಳವನ್ನು ಅವಲಂಬಿಸುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ, 35 ಡಿಗ್ರಿ ಉಷ್ಣತೆ ಮತ್ತು ಶೇಕಡ 30 ಆರ್ದ್ರತೆ ಇರುವಾಗ, ಈ ಸ್ಥಳ ಸುಮಾರು 28 ಗ್ರಾಮು. ಎಂದರೆ ಜುಲೈ ತಿಂಗಳ ತೇವದ ಗಾಳಿಯಲ್ಲಿರುವುದರ ಹನ್ನೆರಡರಷ್ಟು. ಗಾಳಿಯ ಬೀಸು ಮೊದಲಾದ ಇತರ ಸಂಗತಿಗಳು ಸಮನಾಗಿದ್ದರೆ, ಮೇ ತಿಂಗಳಲ್ಲಿ ಅರ್ಧ ಗಂಟೆಯಲ್ಲಿ ಒಣಗುವ ಕೊಟ್ಟಿಗೆಯ ನೆಲ ಜುಲೈಯಲ್ಲಿ ಆರು ಗಂಟೆಯಾದರೂ ಒಣಗದು. ಮಳೆ ನಿಂತಿದ್ದರೂ, ಮಾಡು ಸೋರದಿದ್ದರೂ, ತೊಳೆದ ನೀರು ಮತ್ತು ಗಂಜಲ ಅಲ್ಲಿಯೇ ನಿಲ್ಲುತ್ತವೆ. ನಮ್ಮ ಗೃಹಿಣಿಯರು ಹಪ್ಪಳ ಸಂಡಿಗೆಗಳನ್ನು ಬೇಸಗೆಯಲ್ಲಿಯೇ ಮಾಡಿ ಮುಗಿಸುವುದು ಇದೇ ಲೆಕ್ಕದ ಮೇಲೆ.

ಹಪ್ಪಳದ ಉದಾಹರಣೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಯಾವುದಾದರೂ ಪದಾರ್ಥವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ಗಾಳಿ ಕ್ರಮೇಣ ಒಂದು ನಿಶ್ಚಿತ ಆರ್ದ್ರತೆಗೆ ಬಂದು ನಿಲ್ಲುತ್ತದೆ. ಆ ಪದಾರ್ಥದಲ್ಲಿರುವ ನೀರು ಸೂಕ್ಷ್ಮಜೀವಿಗಳಿಗೆ ಎಷ್ಟರಮಟ್ಟಿಗೆ ದೊರಕೀತೆಂಬುದಕ್ಕೆ ಈ ಅಂಕಿಯೇ ಅಳತೆಗೋಲು. ಅದು ಸುಮಾರು ಶೇಕಡ 95ಕ್ಕಿಂತ ಕೆಳಗಿದ್ದರೆ ಕೋಲೈ ಜೀವಿ ವೃದ್ಧಿಯಾಗಲಾರದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಹೆಚ್ಚು ಸಹಿಷ್ಣು. ಅದರ ಮಿತಿ ಸುಮಾರು ಶೇಕಡ 86. ಒಣಗಿದ ಹಾಸಿನಲ್ಲಿ ಕೋಲೈ ಸಾಯದೆ ಇರಬಹುದು, ಆದರೆ ಸಂಸಾರ ಬೆಳೆಸಲಾರದು. ಒದ್ದೆ ಹಾಸಿನಲ್ಲಿ ಅದಕ್ಕೆ ಅಡ್ಡಿಯೇ ಇಲ್ಲ. ಅನುಕೂಲ ಪರಿಸ್ಥಿತಿಯಲ್ಲಿ ಅದು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲುದು. ಒಂದು ಹೊತ್ತಿನ ಹಾಲಿನಿಂದ ಮತ್ತೊಂದು ಹೊತ್ತಿಗೆ ಹನ್ನೆರಡು ಗಂಟೆ. ಅಷ್ಟರಲ್ಲಿ 36 ಇಮ್ಮಡಿಗಳು. ಕಾಗದದ ಲೆಕ್ಕದಲ್ಲಿ ಒಂದು ಜೀವಿ ಸುಮಾರು 6,870 ಕೋಟಿಯಾಗುತ್ತದೆ. ಆಹಾರದ ಅಭಾವದಿಂದ ವಾಸ್ತವದಲ್ಲಿ ಈ ಸಂಖ್ಯೆ ಎಂದೂ ತಲಪುವುದಿಲ್ಲ. ಆದರೂ ಒಂದು ರಾತ್ರಿಯ ಅವಧಿಯಲ್ಲಿ ಒದ್ದೆ ನೆಲ ಏನಾಗಬಲ್ಲುದೆಂಬುದನ್ನು ಊಹಿಸಲು ಈ ಲೆಕ್ಕ ಸಾಕು. ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಿ ಕಳೆಯುವ ಪ್ರಾಣಿ ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು.

ಎರಡನೆಯ ಕಡ್ಡಿ ಹಸುವಿನ ಬಳಲಿಕೆ. ಬೆವರು ಆವಿಯಾದಾಗ ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಷ್ಟೂ ಈ ತಂಪು ಕಡಿಮೆ. ಉಷ್ಣತೆ ಮತ್ತು ಆರ್ದ್ರತೆಗಳೆರಡನ್ನೂ ಕೂಡಿಸಿದ ಒಂದು ಸೂಚ್ಯಂಕವನ್ನು ಅಮೆರಿಕದ ಥಾಮ್ ಎಂಬವರು 1959ರಲ್ಲಿ ಮಾನವರಿಗಾಗಿ ಸೂಚಿಸಿದರು. ಅನಂತರ ಅದನ್ನು ಹಸುಗಳಿಗೂ ಅನ್ವಯಿಸಿದರು. ಹೋಲ್‌ಸ್ಟೀನ್ ತಳಿಯ ಹಸುವಿಗೆ ಈ ಸೂಚ್ಯಂಕ 72ನ್ನು ಮೀರಿದರೆ ಕಷ್ಟ ಮೊದಲಾಗುತ್ತದೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಗಡಿ. 25 ಡಿಗ್ರಿಯಲ್ಲಿ ಆರ್ದ್ರತೆ ಶೇಕಡ 50 ಇದ್ದಾಗ ಸೂಚ್ಯಂಕ ಹೆಚ್ಚು ಕಡಿಮೆ 72. ಅದೇ 25 ಡಿಗ್ರಿಯಲ್ಲಿ ಆರ್ದ್ರತೆ ಶೇಕಡ 90 ಆದರೆ 76. ಮೇಲೆ ಹೇಳಿದ ಮೇ ತಿಂಗಳ ಮಧ್ಯಾಹ್ನದಲ್ಲಿ ಅದು 81ರ ಸಮೀಪಕ್ಕೆ ಏರುತ್ತದೆ. ಎಂದರೆ ಬೇಸಗೆ ನೆಲವನ್ನು ಒಣಗಿಸಿದರೂ ಹಸುವನ್ನು ಬಳಲಿಸುತ್ತದೆ; ಮಳೆಗಾಲ ಹಸುವನ್ನು ಅಷ್ಟು ಬಳಲಿಸದಿದ್ದರೂ ನೆಲವನ್ನು ಒದ್ದೆ ಮಾಡುತ್ತದೆ. ಎರಡು ಋತುಗಳ ಅಪರಾಧಗಳು ಬೇರೆ ಬೇರೆ. ಪರಿಹಾರಗಳೂ ಬೇರೆ ಬೇರೆ. ಬೇಸಗೆಯಲ್ಲಿ ನೆರಳು, ನೀರು, ಗಾಳಿ ಬೇಕು. ಮಳೆಗಾಲದಲ್ಲಿ ಒಣ ನೆಲ ಬೇಕು. 'ಕಾಲ ಕೆಟ್ಟಿತು' ಎಂದು ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ನೆಲದ ಮೇಲಿನ ಆರೋಪ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಕೆಚ್ಚಲುಬಾವಿನ ವಿಷಯದಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಇಲ್ಲಿ ನೆಲ ನಿಜವಾಗಿಯೂ ಡೊಂಕು. ನಾವು ಮಾತ್ರ ಆಕಾಶವನ್ನು ದೂರುತ್ತಿದ್ದೇವೆ.

ಕೊಟ್ಟಿಗೆಯ ನೆಲಕ್ಕೆ ಐವತ್ತು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಇದ್ದರೆ ಗಂಜಲ ತಾನಾಗಿಯೇ ಹರಿದು ಹೋಗುತ್ತದೆ. ಗುಂಡಿಬಿದ್ದ ನೆಲದಲ್ಲಿ ಅದು ಹಸುವಿನ ಕೆಚ್ಚಲಿನ ಕೆಳಗೇ ನಿಲ್ಲುತ್ತದೆ. ಹಾಸಿಗೆ ಮರಳನ್ನು ಉಪಯೋಗಿಸಿದರೆ ನೀರು ಇಂಗಿ ಕೆಳಗಿಳಿಯುತ್ತದೆ. ಮರಳಿನಲ್ಲಿ ಬ್ಯಾಕ್ಟೀರಿಯಗಳಿಗೆ ಆಹಾರವೂ ಇಲ್ಲ. ಕರೆಯುವ ಮುನ್ನ ತೊಟ್ಟುಗಳನ್ನು ತೊಳೆದು, ಒಣ ಬಟ್ಟೆಯಿಂದ ಒರಸಬೇಕು. ಪ್ರತಿ ಹಸುವಿಗೂ ಬೇರೆ ಬಟ್ಟೆ ಇರತಕ್ಕದ್ದು. ತೊಳೆದು ಒರಸದೆ ಬಿಟ್ಟರೆ ಕೊಳೆನೀರು ತೊಟ್ಟಿನ ತುದಿಗೇ ಇಳಿದು ಬರುವುದರಿಂದ ತೊಳೆಯದಿರುವುದಕ್ಕಿಂತಲೂ ಅದು ಕೆಟ್ಟದು. ಕರೆದ ಮೇಲೆ ತೊಟ್ಟುಗಳನ್ನು ಅಯೊಡೀನು ದ್ರಾವಣದಲ್ಲಿ ಅದ್ದುವ ಪದ್ಧತಿ ಹಲವು ದೇಶಗಳಲ್ಲಿ ಸಾಮಾನ್ಯವಾಗಿದೆ. ಇವೆಲ್ಲಕ್ಕಿಂತ ಅಗ್ಗವಾದುದು ಇನ್ನೊಂದಿದೆ. ಕರೆದು ಮುಗಿಸಿದ ಕೂಡಲೇ ಗೋದಲಿಗೆ ಹಸಿ ಹುಲ್ಲು ಹಾಕಿದರೆ ಹಸು ಮೇಯುತ್ತ ನಿಂತೇ ಇರುತ್ತದೆ. ತೊಟ್ಟಿನ ಬಾಗಿಲು ಮುಚ್ಚಿಕೊಳ್ಳುವವರೆಗೆ ಕೆಚ್ಚಲು ನೆಲಕ್ಕೆ ತಾಗುವುದಿಲ್ಲ. ಹುಲ್ಲು ಹೇಗೂ ಹಾಕಲೇಬೇಕು. ಹಾಕುವ ಹೊತ್ತನ್ನು ಬದಲಿಸುವುದಕ್ಕೆ ಒಂದು ಕಾಸೂ ಖರ್ಚಿಲ್ಲ.

ಇದನ್ನೆಲ್ಲ ಹೇಳುವುದು ಸುಲಭ, ನಡೆಸುವುದು ಕಷ್ಟ ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಚಳ್ಳಕೆರೆಯಲ್ಲಿ 600 ಮಿಲಿಮೀಟರಿಗಿಂತ ಕಡಿಮೆ. ಎರಡು ಕಡೆಗೂ ಒಂದೇ ಉಪದೇಶ ಸಲ್ಲದು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹಸಿ ಸೊಪ್ಪನ್ನೂ ಬೇಸಗೆಯಲ್ಲಿ ದರಕನ್ನೂ ಕೊಟ್ಟಿಗೆಗೆ ಹಾಸಿ, ಹಸುವಿನ ಕಾಲ್ತುಳಿತದಿಂದ ಗೊಬ್ಬರ ಮಾಡುವ ಪದ್ಧತಿ ಹಿಂದಿನಿಂದ ಬಂದಿದೆ. ಅಡಕೆ ತೋಟಗಳು ಈ ಗೊಬ್ಬರದಿಂದ ಬದುಕಿವೆ. ದಿನಕ್ಕೆ ಎರಡು ಮೂರು ಸೇರು ಹಾಲು ಕೊಡುತ್ತಿದ್ದ ಗಿಡ್ಡ ಹಸುವಿಗೆ ಈ ಹಾಸು ಹೇಗೋ ಸಾಗುತ್ತಿತ್ತು. ದೊಡ್ಡ ಕೆಚ್ಚಲಿನ, ಹೆಚ್ಚು ಹಾಲಿನ ಮಿಶ್ರತಳಿಯ ಹಸುವನ್ನು ಅದೇ ಸೊಪ್ಪಿನ ಮೇಲೆ ಕಟ್ಟಿದರೆ ಒದ್ದೆಯಾದ, ಆಹಾರಭರಿತವಾದ ಹಾಸಿನಲ್ಲಿ ಬ್ಯಾಕ್ಟೀರಿಯಗಳನ್ನು ನಾವೇ ಸಾಕಿದಂತಾಗುತ್ತದೆ. ಇಲ್ಲಿ ತೋಟದ ಹಿತ ಒಂದು ಕಡೆ, ಕೆಚ್ಚಲಿನ ಹಿತ ಇನ್ನೊಂದು ಕಡೆ. ರೈತನಿಗೆ ಎರಡೂ ಬೇಕು. ಸೊಪ್ಪಿನ ಹಾಸನ್ನು ಬಿಡಿರೆಂದು ಹೇಳುವುದು ನ್ಯಾಯವಲ್ಲ. ಆದರೆ ಕರೆಯುವುದಕ್ಕೂ ಕರೆದ ಮೇಲೆ ನಿಲ್ಲುವುದಕ್ಕೂ ಒಣಗಿದ ಒಂದು ಜಗಲಿಯಷ್ಟು ಸ್ಥಳವನ್ನು ಬೇರೆಯಾಗಿ ಇಟ್ಟುಕೊಂಡರೆ ಎರಡು ಹಿತಗಳನ್ನೂ ಬಹುಮಟ್ಟಿಗೆ ಕಾಪಾಡಿದಂತಾಗುತ್ತದೆ.

ಔಷಧಿಯ ಮೇಲಿನ ಭಾರ

ಋತುವನ್ನು ವಿಧಿಯೆಂದು ಒಪ್ಪಿಕೊಂಡವರಿಗೆ ಉಳಿಯುವ ದಾರಿ ಒಂದೇ: ರೋಗ ಬಂದ ಮೇಲೆ ಆಂಟಿಬಯೋಟಿಕ್ ಔಷಧಿಯನ್ನು ಕೆಚ್ಚಲಿಗೆ ಏರಿಸುವುದು. ಈ ಔಷಧಿಗಳು ಅಸಂಖ್ಯಾತ ಹಸುಗಳನ್ನು ಉಳಿಸಿವೆ. ಅವುಗಳ ಉಪಕಾರವನ್ನು ಮರೆಯಲಾಗದು. ಆದರೆ ಮದ್ದು ಹಾಕಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಮಾರುವಂತಿಲ್ಲ, ಕುಡಿಯುವಂತಿಲ್ಲ. ಎರಡೇ ಹಸುಗಳಿರುವ ಮನೆಗೆ ಈ ನಷ್ಟ ಸಣ್ಣದಲ್ಲ. ಆ ನಷ್ಟಕ್ಕೆ ಹೆದರಿ ಹಾಲನ್ನು ಸಂಘಕ್ಕೆ ಸುರಿದರೆ ಔಷಧಿಯ ಶೇಷ ನಮ್ಮ ಮಕ್ಕಳ ಲೋಟಕ್ಕೆ ಬರುತ್ತದೆ. ಅದಲ್ಲದೆ ಪದೇ ಪದೇ, ಅರೆಬರೆಯಾಗಿ ಔಷಧಿ ಉಪಯೋಗಿಸಿದಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಗಳೇ ಉಳಿದು ಬೆಳೆಯುತ್ತವೆ. ಈ ಕಾರಣದಿಂದಲೇ ಯೂರೋಪಿನ ಒಕ್ಕೂಟ 2022ರ ಜನವರಿಯಿಂದ ರೋಗವಿಲ್ಲದ ಪಶುಗಳಿಗೆ ಆಂಟಿಬಯೋಟಿಕ್ ಔಷಧಿಗಳನ್ನು ರೂಢಿಯಾಗಿ ಕೊಡುವುದನ್ನು ನಿಷೇಧಿಸಿದೆ.

ಬ್ರಿಟನ್ನಿನ ಅನುಭವ ಇಲ್ಲಿ ನಮಗೆ ಪಾಠ ಹೇಳುತ್ತದೆ. 1960ರ ದಶಕದಲ್ಲಿ ಅಲ್ಲಿನ ರೆಡಿಂಗ್ ನಗರದ ಸಮೀಪದ ರಾಷ್ಟ್ರೀಯ ಕ್ಷೀರಸಂಶೋಧನ ಸಂಸ್ಥೆ ಐದು ಅಂಶಗಳ ಒಂದು ಯೋಜನೆಯನ್ನು ರೂಪಿಸಿತು. ಕರೆದ ಮೇಲೆ ತೊಟ್ಟುಗಳನ್ನು ಸೋಂಕುನಾಶಕದಲ್ಲಿ ಅದ್ದುವುದು, ಹಾಲು ಬತ್ತಿಸುವಾಗ ಔಷಧಿ, ಬಾವು ಬಂದವುಗಳಿಗೆ ತಕ್ಷಣ ಚಿಕಿತ್ಸೆ, ವಾಸಿಯಾಗದ ಹಸುಗಳನ್ನು ಮಂದೆಯಿಂದ ಬೇರ್ಪಡಿಸುವುದು, ಕರೆಯುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು ಇವೇ ಆ ಐದು. 1967ರಲ್ಲಿ ನೂರು ಹಸುಗಳಿಗೆ ವರ್ಷದಲ್ಲಿ ನೂರಕ್ಕೂ ಹೆಚ್ಚು ಬಾರಿ ಕಾಣಿಸಿಕೊಳ್ಳುತ್ತಿದ್ದ ಕೆಚ್ಚಲುಬಾವು 1982ರ ವೇಳೆಗೆ ಸುಮಾರು 40ಕ್ಕೆ ಇಳಿಯಿತು. ಹಸುವಿನಿಂದ ಹಸುವಿಗೆ ದಾಟುವ ಜೀವಿಗಳು ಹೀಗೆ ಹಿಮ್ಮೆಟ್ಟಿದುವು. ಆದರೆ ನೆಲದಿಂದ ಏರುವ ಕೋಲೈ ಮತ್ತು ಯೂಬೆರಿಸ್‌ಗಳು ಅಷ್ಟಾಗಿ ಜಗ್ಗಲಿಲ್ಲ. ಅವುಗಳ ಬೀಡು ಕೊಟ್ಟಿಗೆಯ ನೆಲದಲ್ಲಿತ್ತು. ಆ ನೆಲಕ್ಕೆ ಯಾವ ಔಷಧಿಯ ನಳಿಕೆಯೂ ಮುಟ್ಟುವುದಿಲ್ಲ.

ಪಂಚಾಂಗಕ್ಕೆ ಇನ್ನೊಂದು ಪುಟ

ಇಷ್ಟು ಹೇಳಿದ ಮೇಲೆ ನಮ್ಮ ತರುಣ ವಾಚಕರಿಗೆ ಒಂದು ಸಲಹೆಯನ್ನು ಮುಂದಿಡುತ್ತೇವೆ. ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಅವುಗಳ ಸಮೀಪದಲ್ಲಿಯೇ ಪ್ರೌಢಶಾಲೆಗಳಿವೆ. ಶಾಲೆಯ ಪ್ರಯೋಗಶಾಲೆಯಲ್ಲಿ ಒಣ ಮತ್ತು ಒದ್ದೆ ಬುರುಡೆಗಳ ಉಷ್ಣತಾಮಾಪಕ ಇದ್ದೇ ಇರುತ್ತದೆ. ಮಳೆಯನ್ನು ಅಳೆಯುವ ಪಾತ್ರೆಯನ್ನು ವಿದ್ಯಾರ್ಥಿಗಳೇ ತಯಾರಿಸಬಹುದು. ಕೆಚ್ಚಲುಬಾವನ್ನು ಅಳೆಯುವುದಕ್ಕೂ ಸರಳವಾದ ಒಂದು ವಿಧಾನವುಂಟು. ಶಾಮ್ ಮತ್ತು ನೂರ್‌ಲ್ಯಾಂಡರ್ ಎಂಬ ವಿಜ್ಞಾನಿಗಳು ಇದನ್ನು 1957ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪ್ರಕಟಿಸಿದರು. ನಾಲ್ಕು ಗುಳಿಗಳಿರುವ ತಟ್ಟೆಯಲ್ಲಿ ನಾಲ್ಕು ತೊಟ್ಟುಗಳ ಹಾಲನ್ನು ಬೇರೆ ಬೇರೆ ಹಿಂಡಿ, ಸಮಪ್ರಮಾಣದ ಮಾರ್ಜಕ ದ್ರಾವಣವನ್ನು ಬೆರಸಿ ಮೆಲ್ಲನೆ ಅಲುಗಾಡಿಸಬೇಕು. ರೋಗವಿರುವ ಭಾಗದ ಹಾಲಿನಲ್ಲಿ ಬಿಳಿ ರಕ್ತಕಣಗಳು ಅಧಿಕ. ಮಾರ್ಜಕ ಅವುಗಳನ್ನು ಒಡೆದಾಗ ಒಳಗಿನ ಡಿ.ಎನ್.ಎ. ಹೊರಬಂದು ಹಾಲು ಅಂಟಂಟಾಗಿ ದಪ್ಪಗಾಗುತ್ತದೆ. ಸ್ನಿಗ್ಧತೆಯ ಪಾಠವನ್ನು ಓದಿದವರಿಗೆ ಇದಕ್ಕಿಂತ ಉಪಯುಕ್ತವಾದ ಪ್ರಯೋಗ ಬೇರೆ ಸಿಗದು. ಆಗ ತಾನೇ ಕರು ಹಾಕಿದ ಹಸುವಿನ ಹಾಲು ರೋಗವಿಲ್ಲದಿದ್ದರೂ ಹೀಗೆ ದಪ್ಪಗಾಗಬಹುದಾದುದರಿಂದ ಮೊದಲ ಕೆಲವು ದಿನಗಳ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯಬಾರದು.

ಅಂಕಿಗಳನ್ನು ಬರೆಯುವಾಗ ಒಂದು ಎಚ್ಚರಿಕೆ ಅವಶ್ಯಕ. ಊಹೆಯ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಹಳ್ಳಿಯಲ್ಲಿ ಮೇ ತಿಂಗಳಲ್ಲಿ 10 ರಾಸುಗಳಿಗೂ ಸೆಪ್ಟೆಂಬರಿನಲ್ಲಿ 15 ರಾಸುಗಳಿಗೂ ರೋಗ ಕಂಡಿತೆನ್ನೋಣ. ಮಳೆಯಿಂದ ರೋಗ ಒಂದೂವರೆಯಷ್ಟಾಯಿತೆಂದು ಬರೆಯಬಹುದೇ? ಮೇ ತಿಂಗಳಲ್ಲಿ ಕರೆಯುವ ರಾಸುಗಳು 100, ಸೆಪ್ಟೆಂಬರಿನಲ್ಲಿ 150 ಇದ್ದುವೆಂದಾದರೆ ಪ್ರಮಾಣ ಎರಡು ತಿಂಗಳಲ್ಲೂ ಶೇಕಡ 10 ಮಾತ್ರ. ಏರಿದುದು ಕರೆಯುವ ರಾಸುಗಳ ಸಂಖ್ಯೆ. ನಮ್ಮ ದೇಶದಲ್ಲಿ ಎಮ್ಮೆಗಳು ಹೆಚ್ಚಾಗಿ ಮಳೆಗಾಲದ ಮಧ್ಯದಿಂದ ಚಳಿಗಾಲದವರೆಗೆ ಕರು ಹಾಕುವುದರಿಂದ ಇಂತಹ ಭ್ರಾಂತಿಗೆ ಅವಕಾಶ ಬಹಳ. ಆದುದರಿಂದ ರೋಗ ಬಂದವುಗಳನ್ನಷ್ಟೇ ಅಲ್ಲದೆ ಕರೆಯುತ್ತಿರುವ ಎಲ್ಲವನ್ನೂ, ಪ್ರತಿಯೊಂದೂ ಕರು ಹಾಕಿ ಎಷ್ಟು ದಿನವಾಯಿತೆಂಬುದನ್ನೂ, ನೆಲ ಒದ್ದೆಯೋ ಒಣವೋ ಎಂಬುದನ್ನೂ ಬರೆಯತಕ್ಕದ್ದು. ಹೀಗೆ ಒಂದು ಊರಿನಲ್ಲಿ ಎರಡು ಮೂರು ವರ್ಷ ಬರೆದ ಪುಸ್ತಕ, ಆ ಊರಿನ ಮಟ್ಟಿಗೆ, ದೂರದ ಯಾವ ಗ್ರಂಥಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ. ಒಂದೇ ಮಳೆಯಲ್ಲಿ, ಒಂದೇ ಬೀದಿಯಲ್ಲಿ, ಒಂದು ಕೊಟ್ಟಿಗೆಗೆ ರೋಗ ಬಂದು ಪಕ್ಕದ ಕೊಟ್ಟಿಗೆಗೆ ಬಾರದಿದ್ದರೆ ಅದಕ್ಕೆ ಕಾರಣವೇನೆಂಬುದನ್ನು ಅಂತಹ ಪುಸ್ತಕ ಮಾತ್ರ ಹೇಳಬಲ್ಲುದು.

ಕೆಚ್ಚಲುಬಾವಿನಿಂದ ಒಮ್ಮೆ ಕೆಟ್ಟುಹೋದ ಕೆಚ್ಚಲಿನ ಭಾಗ ಅನೇಕ ವೇಳೆ ಮತ್ತೆ ಹಾಲು ಕೊಡುವುದಿಲ್ಲ. ನಾಲ್ಕರಲ್ಲಿ ಒಂದು ಹೋದರೆ ಆ ಮನೆಯ ಮಗುವಿನ ಶಾಲೆಯ ಶುಲ್ಕವೋ, ಅಜ್ಜಿಯ ಔಷಧಿಯೋ ಅದರೊಡನೆ ಹೋಗುತ್ತದೆ. ಬೆಳಗಿನ ಜಾವದಲ್ಲಿ ಎದ್ದು ಹಾಲು ಕರೆಯುವ ಕೈಗಳು ನಮ್ಮ ನಾಡಿನಲ್ಲಿ ಬಹುಪಾಲು ಹೆಂಗಸರ ಕೈಗಳು. ಈ ನಷ್ಟದ ಭಾರವೂ ಮೊದಲು ಅವರ ಮೇಲೆಯೇ ಬೀಳುತ್ತದೆ. ಅಂಥವರಿಗೆ "ಕಾಲ ಕೆಟ್ಟದು" ಎಂದು ಹೇಳಿ ಕಳುಹಿಸುವುದು ವಿಜ್ಞಾನ ಕಲಿತವರಿಗೆ ಶೋಭಿಸುವುದಿಲ್ಲ. ಮಳೆ ಬರಲಿ, ಬರಲೇಬೇಕು. ಅದಿಲ್ಲದೆ ಹುಲ್ಲೂ ಇಲ್ಲ, ಹಾಲೂ ಇಲ್ಲ. ಆರ್ದ್ರಾ ಮಳೆಗೆ ಮುನ್ನ ಕೊಟ್ಟಿಗೆಯ ಗುಂಡಿಗಳನ್ನು ಮುಚ್ಚಿ, ನೀರು ಹರಿಯುವ ದಾರಿ ಮಾಡಿ, ಕರೆದ ಮೇಲೆ ಹಸು ನಿಲ್ಲಲು ಒಂದು ಒಣ ಸ್ಥಳವನ್ನು ಸಿದ್ಧಪಡಿಸುವುದು ಮನುಷ್ಯರ ಕೆಲಸ. ಆ ಕೆಲಸ ಎಷ್ಟರಮಟ್ಟಿಗೆ ಫಲಿಸಿತೆಂದು ಅಳೆದು ಬರೆದಿಡುವುದು ವಿದ್ಯಾರ್ಥಿಗಳ ಕೆಲಸ. ಬರುವ ಮಳೆಗಾಲಕ್ಕೆ ಒಂದು ಶಾಲೆಯಾದರೂ ಇದಕ್ಕೆ ಕೈ ಹಚ್ಚಿದರೆ ಈ ಲೇಖನ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.